ಕೆರಟೋಕೋನಸ್: ನಿಲ್ಲಿಸೋದು ಬೇರೆ, ಕಾಣಿಸೋದು ಬೇರೆ

ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಹೋಗಿದ್ದ ರಾತ್ರಿ ನನ್ನ ತಮ್ಮ ದೂರದ ಒಂದು ಬಲ್ಬ್ ತೋರಿಸಿ ಕೇಳಿದ: "ಅಕ್ಕಾ, ಅಲ್ಲಿ ಎಷ್ಟು ದೀಪ ಅದಾವ?"

"ಒಂದು."

"ನನಗ ಐದಾರು ಕಾಣ್ತಾವ. ಒಂದರ ಕೆಳಗ ಒಂದು ಜೋತು ಬಿದ್ದಂಗ."

ಅವನಿಗೆ ಆಗ 18 ವರ್ಷ. ಅಷ್ಟರಲ್ಲಿ ಒಂದೂವರೆ ವರ್ಷದಲ್ಲಿ ಮೂರು ಸಲ ಕನ್ನಡಕ ಬದಲಾಗಿತ್ತು. ಪ್ರತಿ ಸಲವೂ ಅಂಗಡಿಯಲ್ಲಿ ಸಿಲಿಂಡರ್ ನಂಬರ್, ಅಂದರೆ ಕಣ್ಣಿನ ಸೊಟ್ಟ ಬಾಗನ್ನು ಸರಿದೂಗಿಸುವ ನಂಬರ್, ಏರಿಸಿ ಕೊಟ್ಟರು, ನಾವು ದುಡ್ಡು ಕೊಟ್ಟು ಬಂದೆವು. ಮೊಬೈಲ್ ಜಾಸ್ತಿ ನೋಡ್ತಾನೆ ಅಂತ ಅಪ್ಪ ಅವನನ್ನೇ ಬೈಯುತ್ತಿದ್ದರು. ಕೆರಟೋಕೋನಸ್ ಅನ್ನುವ ಹೆಸರು ಕೇಳುವ ಹೊತ್ತಿಗೆ ಅವನ ಬಲಗಣ್ಣು ಸಾಕಷ್ಟು ಹಾಳಾಗಿತ್ತು. ಆ ಒಂದೂವರೆ ವರ್ಷ ನಮಗೆ ವಾಪಸ್ ಸಿಗಲಿಲ್ಲ. ನಿಮ್ಮ ಮನೆಯಲ್ಲಿ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಅವನ ಜೊತೆ ಓಡಾಡಿದವಳು, ಅವನ ಫೈಲ್ ಇಟ್ಟುಕೊಂಡವಳು.

ಮೊದಲು ಅನುಮಾನ ಬರಬೇಕು

ಕಪ್ಪು ಗುಡ್ಡೆಯ ಮುಂದೆ ಗಡಿಯಾರದ ಗಾಜಿನ ಹಾಗೆ ಇರುವ ತಿಳಿಯಾದ ಪದರವೇ ಕಾರ್ನಿಯಾ. ಅದರ ದಪ್ಪ ನಡುವಿನಲ್ಲಿ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ. ಕೆರಟೋಕೋನಸ್‌ನಲ್ಲಿ ಈ ಪದರ ತೆಳ್ಳಗಾಗುತ್ತಾ ಮುಂದಕ್ಕೆ ಉಬ್ಬುತ್ತದೆ. ಸೈಕಲ್ ಟ್ಯೂಬ್ ಒಂದು ಕಡೆ ಸವೆದಿದ್ದರೆ ಗಾಳಿ ತುಂಬಿದಾಗ ಅಲ್ಲೇ ಬುಗ್ಗೆ ಬರುತ್ತದಲ್ಲ, ಥೇಟ್ ಹಾಗೆ. ದುಂಡಗಿರಬೇಕಾದ್ದು ಶಂಕುವಿನಂತಾದಾಗ ಬೆಳಕು ಒಂದು ಕಡೆ ಕೂಡುವುದಿಲ್ಲ. ಒಂದು ದೀಪ ಐದಾರಾಗಿ ಕಾಣುವುದು ಅದಕ್ಕೇ.

ಸಾಮಾನ್ಯವಾಗಿ ಇದು ಶುರುವಾಗುವುದು ಹರೆಯದಲ್ಲಿ. ಇಪ್ಪತ್ತರ ಆಸುಪಾಸಿನಲ್ಲಿ ಜೋರಾಗಿ ಏರುತ್ತದೆ, ನಲವತ್ತರ ಹೊತ್ತಿಗೆ ಹೆಚ್ಚಿನವರಲ್ಲಿ ತಾನಾಗಿಯೇ ನಿಲ್ಲುತ್ತದೆ. ಎರಡೂ ಕಣ್ಣಿಗೆ ಬರುತ್ತದೆ, ಆದರೆ ಒಂದು ಮುಂದೆ, ಒಂದು ಹಿಂದೆ. ಒಳ್ಳೆಯ ಕಣ್ಣು ಕೆಲಸ ನಡೆಸಿಕೊಂಡು ಹೋಗುವುದರಿಂದ ಹುಡುಗರಿಗೆ ಬೇಗ ಗೊತ್ತಾಗುವುದೇ ಇಲ್ಲ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರಿನ ತಾರೀಖು ಓದಿಸಿ. ಕನ್ನಡಕ ಹಾಕಿಕೊಂಡರೂ ಅಕ್ಷರಕ್ಕೆ ನೆರಳು ಬಿದ್ದಂತೆ ಕಂಡರೆ, ರಾತ್ರಿ ಗಾಡಿಗಳ ಲೈಟು ಒಡೆದು ಚೆಲ್ಲಿದಂತೆ ಕಂಡರೆ, ವರ್ಷದೊಳಗೆ ಸಿಲಿಂಡರ್ ನಂಬರ್ ಎರಡು ಸಲ ಬದಲಾದರೆ, ಇನ್ನೊಂದು ಕನ್ನಡಕ ಮಾಡಿಸಬೇಡಿ. ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ಉಜ್ಜುವುದನ್ನು ಇವತ್ತೇ ನಿಲ್ಲಿಸಿ

ಇದಕ್ಕೆ ಡಾಕ್ಟರ್ ಚೀಟಿ ಬೇಕಿಲ್ಲ, ದುಡ್ಡೂ ಬೇಕಿಲ್ಲ. ನನಗೆ ಕೇಳಿದರೆ ಅರ್ಧ ಚಿಕಿತ್ಸೆ ಇದೇ.

ನಮ್ಮ ಕಡೆಯ ಬಿಸಿಲು, ಧೂಳು ನಿಮಗೆ ಗೊತ್ತೇ ಇದೆ. ತೊಗರಿ ರಾಶಿಯ ಹೊಟ್ಟು, ದಾಲ್ ಮಿಲ್ಲಿನ ಪುಡಿ, ಶಹಾಬಾದ್ ಕಡೆ ಕಲ್ಲು ಕೊಯ್ಯುವ ಧೂಳು, ವಾಡಿ, ಸೇಡಂ ಕಡೆ ಸಿಮೆಂಟು. ಅಲರ್ಜಿ ಇರುವ ಮಕ್ಕಳ ಕಣ್ಣು ಬೇಸಿಗೆ ಬಂದರೆ ಕೆಂಪಾಗಿ ತುರಿಸುತ್ತದೆ. ತುರಿಸಿದರೆ ಉಜ್ಜುತ್ತಾರೆ. ನನ್ನ ತಮ್ಮ ಬೆರಳಿನ ಗೆಣ್ಣು ಒತ್ತಿ, ಹಿಟ್ಟು ನಾದುವ ಹಾಗೆ ಉಜ್ಜುತ್ತಿದ್ದ. ಒಂದು ನಿಮಿಷ ಉಜ್ಜಿ "ಹಾಯ್ ಅನಸ್ತದ" ಅನ್ನುತ್ತಿದ್ದ. ತೆಳ್ಳಗಾಗುತ್ತಿರುವ ಕಾರ್ನಿಯಾಗೆ ಆ ಒತ್ತಡವೇ ಪೆಟ್ಟು.

ಸುಮ್ನೆ "ಉಜ್ಜಬೇಡ" ಅಂದರೆ ಮಕ್ಕಳು ಕೇಳುವುದಿಲ್ಲ. ತುರಿಕೆಯೇ ಹೋಗಬೇಕು. ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಒತ್ತದೆ ಇಡಿ. ಬೈಕಿನಲ್ಲಿ ಹೋಗುವಾಗ ಹೆಲ್ಮೆಟ್ಟಿನ ಗಾಜು ಇಳಿಸಿ. ರಾಶಿ ಮಾಡುವಾಗ ಮುಚ್ಚುಗನ್ನಡಕ ಹಾಕಿ. ಮುಖ ದಿಂಬಿಗೆ ಒತ್ತಿ ಬೋರಲು ಮಲಗುವ ಚಾಳಿ ಇದ್ದರೆ ಬಿಡಿಸಿ. ಅಲರ್ಜಿಗೆ ಡ್ರಾಪ್ಸ್ ಡಾಕ್ಟರ್ ಬರೆದುಕೊಡುತ್ತಾರೆ, ತಿಂಗಳುಗಟ್ಟಲೆ ಹಾಕಬೇಕಾಗಬಹುದು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮೆಡಿಕಲ್ ಅಂಗಡಿಯಲ್ಲಿ "ಕಣ್ಣು ತುರಿಸ್ತದ" ಅಂದರೆ ಕೈಗೆ ಕೊಡುವ ಡ್ರಾಪ್ಸ್‌ನಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಎರಡೇ ದಿನದಲ್ಲಿ ಕಣ್ಣು ತಣ್ಣಗಾಗುತ್ತದೆ. ಅದನ್ನೇ ಡಾಕ್ಟರನ್ನು ಕೇಳದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆ ಬರಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ. ಹರಳೆಣ್ಣೆ, ಜೇನುತುಪ್ಪ, ಈರುಳ್ಳಿ ರಸ ಇವನ್ನೂ ಕಣ್ಣಿಗೆ ಬಿಡಬೇಡಿ. ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಉಬ್ಬಿದ ಕಾರ್ನಿಯಾ ಅದರಿಂದ ಇಳಿಯುವುದಿಲ್ಲ.

ಟೋಪೋಗ್ರಫಿ ಮಾಡಿಸಿ, ಕಾಗದ ಜೋಪಾನ ಮಾಡಿ

ಸಾಮಾನ್ಯ ಕಣ್ಣಿನ ತಪಾಸಣೆಯಲ್ಲಿ ಶುರುವಿನ ಕೆರಟೋಕೋನಸ್ ತಪ್ಪಿಹೋಗಬಹುದು. ಕಾರ್ನಿಯಾದ ನಕ್ಷೆ ತೆಗೆಯುವ ಟೋಪೋಗ್ರಫಿ ಬೇಕು. ಪೆಂಟಾಕ್ಯಾಮ್ ಅನ್ನುವುದು ಅಂಥದ್ದೇ ಒಂದು ಯಂತ್ರದ ಹೆಸರು. ಇದು ಕಾರ್ನಿಯಾದ ಹಿಂಬದಿ, ದಪ್ಪ ಎಲ್ಲವನ್ನೂ ಅಳೆಯುತ್ತದೆ. ಗದ್ದ ಇಟ್ಟು ದೀಪ ನೋಡುತ್ತಾ ಕೂತರೆ ಸಾಕು. ನೋವಿಲ್ಲ, ಕೆಲವೇ ಸೆಕೆಂಡಿನ ಕೆಲಸ. ಮೊದಲೇ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದರೆ ಎಷ್ಟು ದಿನ ಮುಂಚೆ ಬಿಡಬೇಕು ಅಂತ ಫೋನಿನಲ್ಲೇ ಕೇಳಿಕೊಳ್ಳಿ. ಮೆತ್ತಗಿನ ಲೆನ್ಸ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಇನ್ನೂ ಹೆಚ್ಚು. ಲೆನ್ಸ್ ಒತ್ತಿದ ಆಕಾರ ಹಾಗೇ ಉಳಿದಿದ್ದರೆ ನಕ್ಷೆ ಸುಳ್ಳು ಹೇಳುತ್ತದೆ.

ಕೈಗೆ ಬರುವ ಬಣ್ಣದ ಕಾಗದದಲ್ಲಿ ಎರಡು ಅಂಕಿ ಹುಡುಕಿ. ಒಂದು ಕೆ ಮ್ಯಾಕ್ಸ್, ಅಂದರೆ ಉಬ್ಬು ಅತಿ ಕಡಿದಾಗಿರುವ ಜಾಗದ ಅಳತೆ. ಆರೋಗ್ಯವಂತ ಕಾರ್ನಿಯಾದ ಬಾಗು ಸಾಮಾನ್ಯವಾಗಿ 42ರಿಂದ 45 ಡಯಾಪ್ಟರ್ (ಬಾಗು ಅಳೆಯುವ ಮಾನ) ಆಸುಪಾಸು. ನನ್ನ ತಮ್ಮನ ಬಲಗಣ್ಣಿನದು 56 ಇತ್ತು. ಇನ್ನೊಂದು, ಅತಿ ತೆಳುವಾದ ಜಾಗದ ದಪ್ಪ, ಮೈಕ್ರಾನ್ ಲೆಕ್ಕದಲ್ಲಿ. ಈ ಎರಡನ್ನೂ ತಾರೀಖಿನ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊಬೈಲಲ್ಲಿ ಫೋಟೋ ತೆಗೆದಿಡಿ. ಮುಂದಿನ ಪರೀಕ್ಷೆಯನ್ನು ಆದಷ್ಟು ಅದೇ ಆಸ್ಪತ್ರೆಯ ಅದೇ ಯಂತ್ರದಲ್ಲಿ ಮಾಡಿಸಿ. ಬೇರೆ ಯಂತ್ರ ಬೇರೆ ಅಂಕಿ ಕೊಡುತ್ತದೆ. ಏರಿದೆಯೋ ಇಲ್ಲವೋ ಅಂತ ಆಮೇಲೆ ಯಾರೂ ಖಚಿತವಾಗಿ ಹೇಳಲಾರರು. ನಾವು ಈ ತಪ್ಪು ಮಾಡಿ ಆರು ತಿಂಗಳು ಗೊಂದಲದಲ್ಲಿ ಕಳೆದೆವು.

ಡಾಕ್ಟರಿಗೆ ಎರಡು ಪ್ರಶ್ನೆ

"ಇದು ಇನ್ನೂ ಏರುತ್ತಿದೆಯಾ?" ಇದು ಮೊದಲನೆಯದು. "ಈಗ ಚೆನ್ನಾಗಿ ಕಾಣಲು ಏನು ಮಾಡಬೇಕು?" ಇದು ಎರಡನೆಯದು. ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ರೋಗ ನಿಲ್ಲಿಸುವ ಚಿಕಿತ್ಸೆ ದೃಷ್ಟಿ ತಂದುಕೊಡುವುದಿಲ್ಲ. ದೃಷ್ಟಿ ಕೊಡುವ ಲೆನ್ಸು ರೋಗ ನಿಲ್ಲಿಸುವುದಿಲ್ಲ. ಇದು ತಲೆಗೆ ಹೋಗದೆ ಎಷ್ಟೋ ಜನ "ಆಪರೇಷನ್ ಮಾಡಿಸಿದರೂ ಕಣ್ಣು ಕಾಣಲಿಲ್ಲ" ಅಂತ ಸಿಟ್ಟಾಗಿ ಮತ್ತೆ ಡಾಕ್ಟರ್ ಕಡೆ ಮುಖ ಹಾಕುವುದಿಲ್ಲ. ಇನ್ನು ಕೆಲವರು ಲೆನ್ಸ್ ಹಾಕಿ ಚೆನ್ನಾಗಿ ಕಂಡಿತು ಅಂತ ತಪಾಸಣೆ ಬಿಟ್ಟುಬಿಡುತ್ತಾರೆ. ಒಳಗೆ ಅದು ಏರುತ್ತಲೇ ಇರುತ್ತದೆ.

ನಿಲ್ಲಿಸೋದು: ಕ್ರಾಸ್ ಲಿಂಕಿಂಗ್

ಇದನ್ನು ಸಿ ತ್ರೀ ಆರ್ ಅಂತಲೂ ಕರೆಯುತ್ತಾರೆ. ಕಾರ್ನಿಯಾದೊಳಗೆ ಕೊಲಾಜೆನ್ ಎಳೆಗಳಿವೆ. ಅವು ಸಡಿಲಾಗಿವೆ. ನವಾರ ಸಡಿಲಾದ ಮಂಚಕ್ಕೆ ಅಡ್ಡಪಟ್ಟಿ ಎಳೆದು ಬಿಗಿ ಮಾಡುತ್ತೇವಲ್ಲ, ಅದೇ ಕೆಲಸ ಇಲ್ಲಿ ನಡೆಯುತ್ತದೆ. ಕಣ್ಣಿಗೆ ಮರಗಟ್ಟುವ ಡ್ರಾಪ್ಸ್ ಹಾಕಿ, ಕಾರ್ನಿಯಾದ ಮೇಲಿನ ತೆಳು ಚರ್ಮ ತೆಗೆಯುತ್ತಾರೆ. ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್ನಿನ ಹಳದಿ ಡ್ರಾಪ್ಸನ್ನು ಮತ್ತೆ ಮತ್ತೆ ಬಿಡುತ್ತಾರೆ. ಆಮೇಲೆ ಯುವಿ-ಎ ಅನ್ನುವ ನೇರಳಾತೀತ ಬೆಳಕು ಹಾಯಿಸುತ್ತಾರೆ. ಮೂಲ ವಿಧಾನದಲ್ಲಿ ಡ್ರಾಪ್ಸ್‌ಗೆ 30 ನಿಮಿಷ, ಬೆಳಕಿಗೆ 30 ನಿಮಿಷ. ಬೆಳಕಿನ ತೀವ್ರತೆ ಹೆಚ್ಚಿಸಿ 10 ನಿಮಿಷಕ್ಕೇ ಮುಗಿಸುವ ವಿಧಾನವೂ ಇದೆ.

"ಹೊಸ ಪ್ರಯೋಗ ನಮ್ಮ ಹುಡುಗನ ಮ್ಯಾಲೆ ಯಾಕ?" ಅಂತ ನಮ್ಮ ಚಿಕ್ಕಪ್ಪ ಕೇಳಿದ್ದರು. ಇದು ಹೊಸತಲ್ಲ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ರೂಪುಗೊಂಡಿದ್ದು. ಮೊದಲ ರೋಗಿಗಳ ಫಲಿತಾಂಶ 2003ರಲ್ಲೇ ಪ್ರಕಟವಾಗಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಒಪ್ಪಿಗೆ ಕೊಟ್ಟಿದೆ. ಮಾಡಿಸಿಕೊಂಡವರಲ್ಲಿ ಬಹುಪಾಲು ಜನರಿಗೆ ಉಬ್ಬುವುದು ನಿಲ್ಲುತ್ತದೆ. ಕೆಲವರಿಗೆ ಉಬ್ಬು ಚೂರು ಇಳಿಯುವುದೂ ಉಂಟು, ಆದರೆ ಅದನ್ನು ನೆಚ್ಚಿಕೊಳ್ಳಬೇಡಿ.

ಕಾರ್ನಿಯಾ ತೀರಾ ತೆಳುವಾದರೆ ಇದನ್ನು ಮಾಡುವುದು ಕಷ್ಟ. ಮೇಲಿನ ಚರ್ಮ ತೆಗೆದ ಮೇಲೂ 400 ಮೈಕ್ರಾನ್ ಉಳಿದಿರಬೇಕು ಅನ್ನುವುದು ಮೂಲ ನಿಯಮ. ಅದಕ್ಕಿಂತ ಕಡಿಮೆ ಇದ್ದರೆ ಕಾರ್ನಿಯಾವನ್ನು ತಾತ್ಕಾಲಿಕವಾಗಿ ದಪ್ಪ ಮಾಡುವ ಬೇರೆ ಡ್ರಾಪ್ಸ್ ಬಳಸುವಂಥ ದಾರಿಗಳಿವೆ, ಆದರೆ ಎಲ್ಲರಿಗೂ ಆಗುವುದಿಲ್ಲ. ಹಾಗಾಗಿ "ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ" ಅಂತ ಮುಂದೂಡಬೇಡಿ. ಹದಿಹರೆಯದ ಮಕ್ಕಳಲ್ಲಿ ರೋಗ ಬೇಗ ಏರುವುದರಿಂದ ಡಾಕ್ಟರುಗಳು ಎಷ್ಟೋ ಸಲ ಎರಡನೇ ನಕ್ಷೆಗೆ ಕಾಯುವುದಿಲ್ಲ. ಗರ್ಭಿಣಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ, ಹಿಂದೆ ಕಣ್ಣಿಗೆ ಹರ್ಪಿಸ್ ಸೋಂಕು ಆಗಿದ್ದರೆ ಮೊದಲೇ ಹೇಳಿ.

ಆಮೇಲಿನ ದಿನಗಳ ಬಗ್ಗೆ ನಮಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಮೊದಲ ಎರಡು ಮೂರು ದಿನ ನೋವು ಜೋರು. ಕಣ್ಣಲ್ಲಿ ಮರಳು ತುಂಬಿದಂತೆ ಆಗುತ್ತದೆ, ನೀರು ಸುರಿಯುತ್ತದೆ, ಬೆಳಕು ನೋಡಲಾಗುವುದಿಲ್ಲ. ನನ್ನ ತಮ್ಮ ಲಾಡ್ಜಿನ ಕೋಣೆಯಲ್ಲಿ ಕಿಟಕಿಗೆ ಚಾದರ ಕಟ್ಟಿಸಿಕೊಂಡು ಕೂತಿದ್ದ. ಕಣ್ಣಿನ ಮೇಲೆ ಬ್ಯಾಂಡೇಜ್ ಲೆನ್ಸ್ ಇಟ್ಟಿರುತ್ತಾರೆ, ಚರ್ಮ ಕೂಡಿದ ಮೇಲೆ, ಸಾಮಾನ್ಯವಾಗಿ ನಾಲ್ಕೈದು ದಿನಕ್ಕೆ ತೆಗೆಯುತ್ತಾರೆ. ಅಲ್ಲಿಯ ತನಕ ಊರಿಗೆ ವಾಪಸ್ ಹೊರಡಬೇಡಿ. ಕಿಟಕಿ ತೆರೆದ ಬಸ್ಸಿನಲ್ಲಿ ಧೂಳು ಹೊಡೆಸಿಕೊಂಡು ಬರುವ ಕಣ್ಣಲ್ಲ ಅದು. ಆಸ್ಪತ್ರೆಯ ಹತ್ತಿರವೇ ಉಳಿಯುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ತೊಗರಿ ರಾಶಿ ಕಾಲ ತಪ್ಪಿಸಿ ದಿನ ಗೊತ್ತು ಮಾಡಿಕೊಳ್ಳಿ. ಕೆಲವು ವಾರ ದೃಷ್ಟಿ ಮೊದಲಿಗಿಂತ ಮಂಜಾಗಿರುತ್ತದೆ, ಗಾಬರಿ ಬೇಡ. ಆದರೆ ನೋವು ಇಳಿಯುವ ಬದಲು ಏರುತ್ತಿದ್ದರೆ, ಕೀವು ಕಂಡರೆ, ಅದೇ ದಿನ ಡಾಕ್ಟರಿಗೆ ತೋರಿಸಿ.

ಕಾಣಿಸೋದು: ಕನ್ನಡಕದಿಂದ ಸ್ಕ್ಲೀರಲ್ ತನಕ

ಶುರುವಿನಲ್ಲಿ ಕನ್ನಡಕ ಸಾಕು. ಉಬ್ಬು ಸೊಟ್ಟವಾದ ಹಾಗೆ ಕನ್ನಡಕ ಸೋಲುತ್ತದೆ. ಆಗ ಆರ್‌ಜಿಪಿ ಅನ್ನುವ ಗಟ್ಟಿ ಲೆನ್ಸ್. ಲೆನ್ಸಿಗೂ ಕಾರ್ನಿಯಾಗೂ ನಡುವೆ ಕಣ್ಣೀರು ತುಂಬಿಕೊಂಡು ಏರುತಗ್ಗು ಸಮವಾಗುತ್ತದೆ. ರೋಸ್ ಕೆ ಎಂಬುದು ಕೆರಟೋಕೋನಸ್‌ಗೆಂದೇ ಮಾಡಿದ ಒಂದು ಬಗೆ. ಮೊದಲ ಎರಡು ವಾರ ಕಣ್ಣಲ್ಲಿ ಕಸ ಬಿದ್ದಂತೆ ಅನ್ನಿಸುತ್ತದೆ, ಆಮೇಲೆ ಒಗ್ಗುತ್ತದೆ. ಆದರೆ ಧೂಳಿನಲ್ಲಿ ಇದು ನಿಜಕ್ಕೂ ಹಿಂಸೆ. ಒಂದು ಕಣ ಒಳಗೆ ಹೋದರೆ ಬೈಕ್ ನಿಲ್ಲಿಸಲೇಬೇಕು.

ನಮ್ಮಂಥ ಊರಿನವರಿಗೆ ಸ್ಕ್ಲೀರಲ್ ಲೆನ್ಸ್ ವಾಸಿ ಅಂತ ನನ್ನ ಅನಿಸಿಕೆ. ಇದು ದೊಡ್ಡದು. ಕಾರ್ನಿಯಾವನ್ನು ಮುಟ್ಟದೆ ಬಿಳಿ ಗುಡ್ಡೆಯ ಮೇಲೆ ಕೂರುತ್ತದೆ, ಧೂಳು ಒಳಗೆ ಸೇರುವುದು ಕಡಿಮೆ. ಬೆಲೆ ಮಾತ್ರ ಆರ್‌ಜಿಪಿಗಿಂತ ಎಷ್ಟೋ ಪಟ್ಟು ಜಾಸ್ತಿ. ತಮ್ಮ ಹಾಕುವುದನ್ನು ದಿನಾ ನೋಡುತ್ತೇನೆ. ಟವೆಲ್ ಹಾಸಿ ಅದರ ಮೇಲೆ ಕನ್ನಡಿ ಇಡುತ್ತಾನೆ. ಸಣ್ಣ ರಬ್ಬರ್ ಹಿಡಿಕೆಯ ಮೇಲೆ ಲೆನ್ಸನ್ನು ಬಟ್ಟಲಿನಂತೆ ಕೂರಿಸಿ, ಸಲೈನ್ ತುಂಬುತ್ತಾನೆ, ಅಂಚಿನ ತನಕ. ಮುಖ ಪೂರ್ತಿ ಕೆಳಗೆ ಬಗ್ಗಿಸಿ, ಎರಡು ಬೆರಳಲ್ಲಿ ರೆಪ್ಪೆ ಅಗಲಿಸಿ, ಲೆನ್ಸನ್ನು ಕಣ್ಣಿಗೆ ತರುತ್ತಾನೆ. ಸಲೈನ್ ಚೆಲ್ಲಿದ ಸದ್ದು ಟವೆಲ್ ಮೇಲೆ ಟಪ್ ಅಂತ ಕೇಳುತ್ತದೆ. ಒಳಗೆ ಗಾಳಿಗುಳ್ಳೆ ಸೇರಿದರೆ ತೆಗೆದು ಮತ್ತೆ ಮೊದಲಿನಿಂದ. ಮೊದಲ ದಿನ ಮುಕ್ಕಾಲು ಗಂಟೆ ಹಿಡಿದಿತ್ತು, ಈಗ ಎರಡು ನಿಮಿಷ. ಮೊದಲ ಸಲ ಹಾಕಿಕೊಂಡು ಹೊರಗೆ ಬಂದವನು ಎದುರುಗಡೆ ಬೇವಿನ ಮರ ನೋಡಿ "ಎಲಿ ಒಂದೊಂದ ಕಾಣ್ತಾವ" ಅಂದ.

ಲೆನ್ಸ್ ಹಾಕುವವರು ಎರಡು ನಿಯಮ ಮುರಿಯಲೇಬಾರದು. ನಲ್ಲಿ ನೀರು, ಬೋರ್ ನೀರು, ಫಿಲ್ಟರ್ ನೀರು ಯಾವುದರಲ್ಲೂ ಲೆನ್ಸ್ ತೊಳೆಯಬೇಡಿ. ನೀರಿನಲ್ಲಿರುವ ಅಕಾಂತಮೀಬಾ ಅನ್ನುವ ಜೀವಿ ಕಾರ್ನಿಯಾವನ್ನೇ ತಿಂದುಹಾಕಬಲ್ಲದು. ಹಾಗೇ, ಲೆನ್ಸ್ ಹಾಕಿಕೊಂಡು ಮಲಗಬೇಡಿ.

ರಿಂಗ್, ಮತ್ತು ಕಾರ್ನಿಯಾ ಬದಲಿ

ಲೆನ್ಸ್ ಒಗ್ಗದ ಕೆಲವರಿಗೆ ಕಾರ್ನಿಯಾದೊಳಗೆ ಅರ್ಧಚಂದ್ರದಂಥ ರಿಂಗ್ ಕೂರಿಸಿ ಉಬ್ಬನ್ನು ಚಪ್ಪಟೆ ಮಾಡುತ್ತಾರೆ. ಪ್ಲಾಸ್ಟಿಕ್ ಬದಲು ದಾನ ಪಡೆದ ಕಾರ್ನಿಯಾದ ತುಂಡನ್ನೇ ರಿಂಗಿನಂತೆ ಬಳಸುವ ಕೇರ್ಸ್ ಎಂಬ ವಿಧಾನವನ್ನು ಶುರುಮಾಡಿದ್ದು ಚೆನ್ನೈನ ಡಾ. ಸೂಸನ್ ಜೇಕಬ್. ಇದಾದ ಮೇಲೂ ಕನ್ನಡಕವೋ ಲೆನ್ಸೋ ಬೇಕಾಗಬಹುದು.

ಕಾರ್ನಿಯಾ ನಡುವೆ ಕಲೆಗಟ್ಟಿ, ಯಾವ ಲೆನ್ಸಿಗೂ ಕಾಣದಿದ್ದಾಗ ಮಾತ್ರ ಕಸಿ. ಹೆಚ್ಚಿನವರಿಗೆ ಇದು ಬೇಕಾಗುವುದಿಲ್ಲ. ಮುಂದಿನ ಪದರಗಳನ್ನಷ್ಟೇ ಬದಲಿಸುವುದು ಡಾಲ್ಕ್. ನಿಮ್ಮದೇ ಒಳಪದರ ಉಳಿಯುವುದರಿಂದ ದೇಹ ಅದನ್ನು ತಿರಸ್ಕರಿಸುವ ಭಯ ಕಡಿಮೆ. "ಡಾಲ್ಕ್ ಆಗುತ್ತಾ?" ಅಂತ ಕೇಳಿ. ಹೊಲಿಗೆಗಳು ವರ್ಷಗಟ್ಟಲೆ ಇರಬಹುದು, ಡ್ರಾಪ್ಸ್ ತುಂಬಾ ದಿನ, ತಪಾಸಣೆ ಜೀವನಪೂರ್ತಿ. ಕಸಿಯಾದ ಕಣ್ಣು ಕೆಂಪಾದರೆ, ಮಂಜಾದರೆ, ಬೆಳಕು ಚುಚ್ಚಿದರೆ ಮರುದಿನದ ತನಕ ಕಾಯುವಂತಿಲ್ಲ.

ಕನ್ನಡಕ ತೆಗೆಸುವ ಲೇಸರ್ ಆಪರೇಷನ್, ಅಂದರೆ ಲೇಸಿಕ್ ಮಾತ್ರ ಬೇಡವೇ ಬೇಡ. ಹೆಣ್ಣುಮಕ್ಕಳಿಗೆ ಮದುವೆಗೆ ಮುಂಚೆ ಕನ್ನಡಕ ತೆಗೆಸುವ ಆತುರ ನಮ್ಮ ಕಡೆ ಇದೆ. ಕೆರಟೋಕೋನಸ್ ಇರುವ ಕಣ್ಣಿಗೆ ಲೇಸಿಕ್ ಮಾಡಿದರೆ ತೆಳುವಾದದ್ದು ಇನ್ನೂ ತೆಳುವಾಗಿ ಉಬ್ಬು ಜೋರಾಗುತ್ತದೆ. ಯಾರಿಗೇ ಆಗಲಿ, ಟೋಪೋಗ್ರಫಿ ನೋಡದೆ ಲೇಸಿಕ್‌ಗೆ ಒಪ್ಪಬೇಡಿ.

ಎಲ್ಲಿಗೆ ಹೋಗಬೇಕು, ದುಡ್ಡು ಹೇಗೆ

ಮೊದಲ ತಪಾಸಣೆ ಹತ್ತಿರದಲ್ಲೇ ಆಗಲಿ. ಕಲಬುರಗಿಯಲ್ಲಿ ಜಿಮ್ಸ್, ಇಎಸ್‌ಐಸಿ ಮೆಡಿಕಲ್ ಕಾಲೇಜು, ಬಸವೇಶ್ವರ ಆಸ್ಪತ್ರೆ, ಖಾಜಾ ಬಂದಾನವಾಜ್ ಆಸ್ಪತ್ರೆ ಇವೆ. ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಹೋಗುವ ಮುಂಚೆ ಫೋನ್ ಮಾಡಿ "ಕಾರ್ನಿಯಾ ಟೋಪೋಗ್ರಫಿ ಇದೆಯಾ, ಯಾವ ದಿನ?" ಅಂತ ಕೇಳಿ. ಇಲ್ಲ ಅಂದರೆ ರೆಫರಲ್ ಚೀಟಿ ಬರೆಸಿಕೊಳ್ಳಿ. ಆ ಚೀಟಿ ಮುಂದೆ ಬೇಕೇಬೇಕು.

ಮುಂದಿನ ಚಿಕಿತ್ಸೆಗೆ ಕಾರ್ನಿಯಾ ವಿಭಾಗವೇ ಇರುವ ಆಸ್ಪತ್ರೆ ಹುಡುಕಿ. ನಮಗೆ ಹತ್ತಿರ ಹೈದರಾಬಾದ್. ಬಂಜಾರಾ ಹಿಲ್ಸ್‌ನ ಎಲ್ ವಿ ಪ್ರಸಾದ್ ಕಣ್ಣಿನ ಆಸ್ಪತ್ರೆ 1987ರಿಂದ ಇದೆ. ಅಲ್ಲೇ ಐ ಬ್ಯಾಂಕ್ ಇದೆ, ಬಡವರಿಗೆ ಉಚಿತ ಚಿಕಿತ್ಸೆಯ ವ್ಯವಸ್ಥೆಯೂ ಇದೆ. ಮೆಹದಿಪಟ್ಟಣಂನ ಸರೋಜಿನಿ ದೇವಿ ಆಸ್ಪತ್ರೆ ಸರ್ಕಾರಿ. ಬೀದರಿನವರಿಗೂ ಹೈದರಾಬಾದೇ ಹತ್ತಿರ. ಕಲಬುರಗಿಯಿಂದ ವಾಡಿ, ತಾಂಡೂರು ದಾರಿಯಲ್ಲಿ ರೈಲಿದೆ. ಭಾಷೆಯ ತೊಂದರೆಯೂ ಇಲ್ಲ, ನಮ್ಮ ದಖ್ಖನಿ ಅಲ್ಲಿ ನಡೆಯುತ್ತದೆ. ಬೆಂಗಳೂರಿಗೆ ಹೋಗುವವರಿಗೆ ಸರ್ಕಾರಿ ಮಿಂಟೋ ಆಸ್ಪತ್ರೆ ಇದೆ, ಖಾಸಗಿಯಲ್ಲಿ ನಾರಾಯಣ ನೇತ್ರಾಲಯ ಇದೆ. ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ, ಯಾದಗಿರಿ ಎರಡೂ ಕಡೆ ನಿಲ್ಲುತ್ತದೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ನೆರವಿದೆ. ಎಪಿಎಲ್‌ನವರಿಗೆ ಯೋಜನೆಯಲ್ಲಿ ಗೊತ್ತು ಮಾಡಿದ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ 1.5 ಲಕ್ಷದ ಮಿತಿ. ಆದರೆ "ಕಾರ್ಡ್ ನಡೀತದಾ?" ಅಂತಷ್ಟೇ ಕೇಳಿ ಸುಮ್ಮನಾಗಬೇಡಿ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರ ಕೌಂಟರಿನಲ್ಲಿ ಚಿಕಿತ್ಸೆಯ ಹೆಸರು ಹೇಳಿ: "ಕಾರ್ನಿಯಾ ಕ್ರಾಸ್ ಲಿಂಕಿಂಗ್ ನಿಮ್ಮ ಪಟ್ಟಿಯಲ್ಲಿ ಇದೆಯಾ? ಈ ಆಸ್ಪತ್ರೆಗೆ ಒಪ್ಪಿಗೆ ಇದೆಯಾ? ಲೆನ್ಸಿನ ಖರ್ಚು ಸೇರುತ್ತದಾ?" ಉತ್ತರವನ್ನು ಅಡ್ಮಿಟ್ ಆಗುವ ಮುಂಚೆಯೇ ಪಡೆಯಿರಿ. ಹೈದರಾಬಾದಿಗೆ ಹೋಗುವುದಾದರೆ ಹೊರರಾಜ್ಯದಲ್ಲಿ ನಿಮ್ಮ ಕಾರ್ಡ್ ಒಪ್ಪುತ್ತಾರಾ ಅಂತ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಕರೆ ಮಾಡಿ ಮೊದಲೇ ಖಾತ್ರಿ ಮಾಡಿಕೊಳ್ಳಿ. ಮಿಲ್ಲಿನಲ್ಲೋ ಸಿಮೆಂಟ್ ಕಾರ್ಖಾನೆಯಲ್ಲೋ ಕೆಲಸ ಮಾಡುವ ಅಪ್ಪನಿಗೆ ಇಎಸ್‌ಐ (ಕಾರ್ಮಿಕರ ವಿಮೆ) ಇದ್ದರೆ, ಅವರನ್ನು ಅವಲಂಬಿಸಿದ ಮಕ್ಕಳಿಗೂ ಅದು ಅನ್ವಯಿಸುತ್ತದೆ. ಶಾಲೆಗೆ ಬರುವ ಸರ್ಕಾರಿ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ತಂಡ 18 ವರ್ಷದ ತನಕ ಮಕ್ಕಳನ್ನು ತಪಾಸಣೆ ಮಾಡಿ ಮುಂದಕ್ಕೆ ಕಳಿಸುತ್ತದೆ. ಮೇಷ್ಟ್ರಿಗೆ ಹೇಳಿಡಿ.

ಜೊತೆಗೆ ಒಯ್ಯಬೇಕಾದ್ದು: ಆಧಾರ್, ರೇಷನ್ ಕಾರ್ಡ್, ರೆಫರಲ್ ಚೀಟಿ, ಹಳೆಯ ಕನ್ನಡಕಗಳೆಲ್ಲಾ, ಅವುಗಳ ಚೀಟಿಗಳು, ಟೋಪೋಗ್ರಫಿ ಕಾಗದ. ಹಳೆಯ ಕನ್ನಡಕ ಯಾಕೆ ಅಂದರೆ, ನಂಬರ್ ಎಷ್ಟು ಬೇಗ ಏರಿತು ಅನ್ನುವುದಕ್ಕೆ ಅದೇ ಸಾಕ್ಷಿ. ಚೀಟಿ ಕಳೆದುಹೋಗಿದ್ದರೂ ಗಾಜಿನಿಂದಲೇ ನಂಬರ್ ಅಳೆಯಬಹುದು.

ಇದೆಲ್ಲದರ ನಡುವೆ ಕಣ್ಣು ಒಮ್ಮೆಲೇ ಮಂಜಾಗಿ, ನೋವು ಬಂದು, ಕಪ್ಪು ಗುಡ್ಡೆಯ ಮೇಲೆ ಬಿಳಿ ಕಂಡರೆ ಒಳಪದರ ಬಿರಿದು ನೀರು ನುಗ್ಗಿರಬಹುದು. ಹೈಡ್ರಾಪ್ಸ್ ಅನ್ನುತ್ತಾರೆ. ಅವತ್ತೇ ಹೋಗಿ.

ಮನೆಯ ಉಳಿದ ಮಕ್ಕಳನ್ನು ಮರೆಯಬೇಡಿ, ಇದು ಒಂದೇ ಮನೆಯಲ್ಲಿ ಇಬ್ಬರಿಗೆ ಬರಬಹುದು. ನಮ್ಮ ತಂಗಿಗೆ 14 ವರ್ಷ. ಕನ್ನಡಕ ಇಲ್ಲ, ಎಲ್ಲಾ ಚೆನ್ನಾಗಿ ಕಾಣುತ್ತದೆ ಅನ್ನುತ್ತಾಳೆ. ಆದರೂ ಅವಳ ಟೋಪೋಗ್ರಫಿ ಮಾಡಿಸಿದೆವು. ಎಡಗಣ್ಣಿನ ನಕ್ಷೆಯ ಕೆಳಭಾಗದಲ್ಲಿ ಸಣ್ಣದೊಂದು ಕೆಂಪು ಚುಕ್ಕೆ ಇದೆ, ಅಂದರೆ ಅಲ್ಲಿ ಬಾಗು ಕಡಿದಾಗಿದೆ. ಆರು ತಿಂಗಳಿಗೆ ಮತ್ತೆ ಬರಲು ಹೇಳಿದ್ದಾರೆ. ಸಂಕ್ರಾಂತಿ ಆದ ಮೇಲಿನ ಸೋಮವಾರಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ, ಅದೇ ಆಸ್ಪತ್ರೆ, ಅದೇ ಯಂತ್ರ.